ಪಲೆರ್ಮೋ ಕಾಯುವ ಗುಹೆಯ ಸಾಂತುಜ್ಜಾ

ಇಟಲಿಯ ಸಿಸಿಲಿ ದ್ವೀಪದ ರಾಜಧಾನಿ ಪಲೆರ್ಮೋ. ಅಲ್ಲಿ ಜುಲೈ 14ರ ರಾತ್ರಿ ಊರಿಗೆ ಊರೇ ಬೀದಿಗಿಳಿಯುತ್ತದೆ. ಹಳೆಯ ಅರಮನೆಯ ಕಡೆಯಿಂದ ಕಡಲ ದಂಡೆಗೆ ನೇರ ಇಳಿಯುವ ಕಸ್ಸಾರೋ ಬೀದಿಯಲ್ಲಿ ಹಡಗಿನ ಆಕಾರದ ತೇರು ಹೊರಡುತ್ತದೆ. ಅದರ ಮೇಲೆ ನಿಂತಿರುವುದು ಒಬ್ಬ ಯುವತಿಯ ಮೂರ್ತಿ. ಕ್ವಾತ್ರೊ ಕಾಂತಿ ಎಂಬ ಚೌಕದಲ್ಲಿ ತೇರು ನಿಂತಾಗ ನಗರದ ಮೇಯರ್ ಮೂರ್ತಿಗೆ ಹೂವು ಒಪ್ಪಿಸಿ, ಪಲೆರ್ಮೋಗೂ ಸಂತ ರೊಸಾಲಿಯಾಗೂ ಜಯಕಾರ ಹಾಕುತ್ತಾರೆ. ಜನಸ್ತೋಮ ದನಿಗೂಡಿಸುತ್ತದೆ. ಬೆಳ್ಳುಳ್ಳಿ ಹಾಕಿ ಬೇಯಿಸಿದ ಬಸವನಹುಳು, ಕಲ್ಲಂಗಡಿ, ಕಡಲೆಹಿಟ್ಟಿನಲ್ಲಿ ಕರಿದ ಪನೆಲ್ಲೆ ಅಂದಿನ ತಿನಿಸು. ಕೊನೆಗೆ ಸಮುದ್ರದ ಮೇಲೆ ಬಾಣಬಿರುಸು.

ಇಷ್ಟೆಲ್ಲ ಸಂಭ್ರಮ ನಡೆಯುವುದು, ಯಾರ ಕಣ್ಣಿಗೂ ಬೀಳಬಾರದೆಂದು ಗುಹೆ ಸೇರಿದ ಹೆಣ್ಣೊಬ್ಬಳ ಹೆಸರಿನಲ್ಲಿ.

ರೊಸಾಲಿಯಾ ಹುಟ್ಟಿದ್ದು 1130ರ ಸುಮಾರಿಗೆ, ನಾರ್ಮನ್ ದೊರೆಗಳು ಸಿಸಿಲಿಯನ್ನು ಆಳುತ್ತಿದ್ದಾಗ. ತಂದೆ ಸಿನಿಬಾಲ್ಡೊ ಜಹಗೀರುದಾರ. ಸಿರಿವಂತಿಕೆಯನ್ನೂ ಮದುವೆಯನ್ನೂ ಬಿಟ್ಟು ಹೊರಟ ಆಕೆ ಮೊದಲು ಕ್ವಿಸ್ಕ್ವಿನಾ ಕಾಡಿನ ಗುಹೆಯಲ್ಲಿ, ಆಮೇಲೆ ಪಲೆರ್ಮೋ ನಗರಕ್ಕೆ ತಾಗಿಯೇ ಎದ್ದಿರುವ ಪೆಲ್ಲೆಗ್ರಿನೊ ಬೆಟ್ಟದ ಗುಹೆಯಲ್ಲಿ ಒಂಟಿಯಾಗಿ ಪ್ರಾರ್ಥನೆಯಲ್ಲಿ ಬದುಕಿದಳೆಂಬುದು ಪರಂಪರೆಯ ಮಾತು. 1166ರ ಸುಮಾರಿಗೆ ಅಲ್ಲಿಯೇ ತೀರಿಕೊಂಡಳು. ಆಕೆ ಉಪದೇಶ ಮಾಡಲಿಲ್ಲ, ಮಠ ಕಟ್ಟಲಿಲ್ಲ, ಶಿಷ್ಯರನ್ನೂ ಬಿಟ್ಟುಹೋಗಲಿಲ್ಲ. ಮುಂದಿನ ನಾನೂರೈವತ್ತು ವರ್ಷ ಪಲೆರ್ಮೋದ ರಕ್ಷಕರೆಂದು ಪೂಜೆ ಪಡೆದವರು ಅಗಾತಾ, ಕ್ರಿಸ್ತೀನಾ, ನಿನ್ಫಾ, ಒಲೀವಾ ಎಂಬ ಬೇರೆ ನಾಲ್ವರು ಸಂತರು.

1624ರಲ್ಲಿ ಟ್ಯುನಿಸ್‌ನಿಂದ ಬಂದ ಹಡಗಿನೊಂದಿಗೆ ಪ್ಲೇಗ್ ಊರು ಹೊಕ್ಕಿತು. ಸ್ಪೇನ್ ದೊರೆಯ ಪರವಾಗಿ ಆಳುತ್ತಿದ್ದ ವೈಸರಾಯ್ ಎಮಾನ್ಯುಯೆಲೆ ಫಿಲಿಬೆರ್ತೊ ಕೂಡ ಅದಕ್ಕೆ ಬಲಿಯಾದ. ಮೊರೆ ಹೋದ ನಾಲ್ವರು ಸಂತರಿಂದಲೂ ರೋಗ ತಗ್ಗಲಿಲ್ಲ. ಕಾಯಿಲೆ ಬಿದ್ದ ಹೆಂಗಸೊಬ್ಬಳಿಗೆ ರೊಸಾಲಿಯಾ ಕಾಣಿಸಿಕೊಂಡು ತನ್ನ ಗುಹೆಯ ಕಡೆ ಕೈತೋರಿದಳಂತೆ. ಜುಲೈ 15ರಂದು ಅಲ್ಲಿ ಅಗೆದಾಗ ಮೂಳೆಗಳು ಸಿಕ್ಕವು. ಆರ್ಚ್‌ಬಿಷಪ್ ಕಾರ್ಡಿನಲ್ ಜನ್ನೆತ್ತೀನೊ ದೋರಿಯಾ ಅವಸರಪಡದೆ ಅವುಗಳನ್ನು ಪರೀಕ್ಷೆಗೆ ಒಪ್ಪಿಸಿದರು. ಆ ನಡುವೆ, 1625ರ ಫೆಬ್ರುವರಿಯಲ್ಲಿ, ವಿಂಚೆನ್ಸೊ ಬೊನೆಲ್ಲಿ ಎಂಬ ಸಾಬೂನು ಮಾಡುವವ ಬೆಟ್ಟ ಹತ್ತಿದ. ಪ್ಲೇಗಿನಲ್ಲಿ ಎಳೆಯ ಹೆಂಡತಿಯನ್ನು ಕಳೆದುಕೊಂಡ ಅವನು ಹೊರಟದ್ದು ಪ್ರಾಣ ಬಿಡಲು. ದಾರಿಯಲ್ಲಿ ರೊಸಾಲಿಯಾ ತಡೆದಳು, ಮೂಳೆಗಳು ತನ್ನವೇ, ಅವನ್ನು ಊರಲ್ಲಿ ಮೆರವಣಿಗೆ ಮಾಡಿಸಲು ಹೇಳು ಎಂದಳು ಎಂಬುದು ಅವನು ಸಾಯುವ ಮುನ್ನ ಕೊಟ್ಟ ಹೇಳಿಕೆ. ಜೂನ್ 9ರಂದು ಮೆರವಣಿಗೆ ನಡೆಯಿತು. ಆಮೇಲೆ ರೋಗ ಇಳಿಯಿತೆಂದು ಪಲೆರ್ಮೋ ಇಂದಿಗೂ ನಂಬುತ್ತದೆ. 1630ರಲ್ಲಿ ಪೋಪ್ ಎಂಟನೇ ಅರ್ಬನ್ ಆಕೆಯ ಹೆಸರನ್ನು ರೋಮಿನ ಸಂತಸ್ಮರಣೆಯ ಪಟ್ಟಿಗೆ ಸೇರಿಸಿದರು.

ನನ್ನ ಮನಸ್ಸು ನಿಲ್ಲುವುದು ಬೊನೆಲ್ಲಿಯ ಕಥೆಯಲ್ಲಿ. ದೊಡ್ಡವರ ಪರೀಕ್ಷೆ ಒಂದು ಕಡೆ ನಡೆದಿರುವಾಗ, ಎಲ್ಲ ಕಳೆದುಕೊಂಡ ಬಡವನೊಬ್ಬನ ಬಾಯಲ್ಲಿ ಬಂದ ಮಾತನ್ನು ಊರು ಎದೆಗೆ ಹಚ್ಚಿಕೊಂಡಿತು. ಸಾಂತುಜ್ಜಾ, ಅಂದರೆ ನಮ್ಮ ಪುಟ್ಟ ಸಂತ, ಎಂದು ಜನ ಆಕೆಯನ್ನು ಸಲಿಗೆಯಿಂದ ಕರೆಯುವುದರ ಬೇರು ಇಲ್ಲಿದೆ ಎನಿಸುತ್ತದೆ.

ಆಕೆಗೆ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಫ್ಲೆಮಿಶ್ ಚಿತ್ರಕಾರ ಆಂಟನಿ ವಾನ್ ಡೈಕ್. ವೈಸರಾಯ್‌ನ ಚಿತ್ರ ಬರೆಯಲು ಬಂದಿದ್ದ ಆ ಇಪ್ಪತ್ತೈದರ ತರುಣ ಪ್ಲೇಗ್ ಹಬ್ಬಿದ ಊರಲ್ಲಿದ್ದು, ಹೊಂಗೂದಲ ರೊಸಾಲಿಯಾ ಊರಿಗಾಗಿ ಬೇಡುವ ಚಿತ್ರಗಳನ್ನು ಬರೆದ. ಅವುಗಳಲ್ಲೊಂದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

ಮೂಳೆಗಳು ಈಗ ನಗರದ ಕ್ಯಾಥೆಡ್ರಲ್‌ನಲ್ಲಿ, ಬೆಳ್ಳಿಯ ಪೆಟ್ಟಿಗೆಯಲ್ಲಿವೆ. ಆದರೆ ಭಕ್ತಿಯ ತವರು ಬೆಟ್ಟವೇ. ಗುಹೆಯ ಬಾಯಿಗೆ ಗೋಡೆ ಕಟ್ಟಿ ಅದನ್ನೇ ಚರ್ಚ್ ಮಾಡಿದ್ದಾರೆ. ಮೇಲಿನ ಬಂಡೆಯಿಂದ ಸದಾ ಜಿನುಗುವ ನೀರನ್ನು ತಗಡಿನ ದೋಣಿಗಳು ಹಿಡಿದು ಒಯ್ಯುತ್ತವೆ. ಜನಕ್ಕೆ ಅದು ತೀರ್ಥ. ಗಾಜಿನ ಹಿಂದೆ ಒರಗಿದ ಅಮೃತಶಿಲೆಯ ರೊಸಾಲಿಯಾಗೆ ದೊರೆ ಮೂರನೇ ಚಾರ್ಲ್ಸ್ ಕೊಟ್ಟ ಚಿನ್ನದ ಉಡುಗೆ ಇದೆ. 1787ರಲ್ಲಿ ಇಲ್ಲಿಗೆ ಬಂದ ಜರ್ಮನ್ ಕವಿ ಗಯಟೆ ಈ ಜಾಗದ ಸರಳತೆಗೆ ಮನಸೋತ.

ಶ್ರೀಲಂಕಾದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದು ಪಲೆರ್ಮೋದಲ್ಲಿ ನೆಲೆಸಿದ ತಮಿಳರೂ ಈ ಬೆಟ್ಟ ಹತ್ತುತ್ತಾರೆ. ಅವರಲ್ಲಿ ಹಿಂದೂಗಳು ಬಹಳ. ಮನೆಯಲ್ಲಿ ತಮ್ಮ ದೇವರ ಪೂಜೆ ಮುಗಿಸಿ, ಇಲ್ಲಿ ಬಂದು ಹರಕೆ ಹೊರುತ್ತಾರೆ. ಊರಿನವರೂ ಇದನ್ನು ಸಹಜವೆಂದೇ ಒಪ್ಪಿಕೊಂಡಿದ್ದಾರೆ. ಕಷ್ಟದಲ್ಲಿದ್ದ ಊರಿಗೆ ದೊರೆತ ಸಂತ ಕಷ್ಟದಲ್ಲಿ ಬಂದವರಿಗೂ ದೊರೆತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪಲೆರ್ಮೋಗೆ ಹೋದರೆ ಜುಲೈ ತೇರನ್ನು ನೋಡಿ, ಸೆಪ್ಟೆಂಬರ್ 4ರ ಬೆಟ್ಟದ ಹಬ್ಬವನ್ನೂ ನೋಡಿ, ಆದರೆ ಎರಡರಲ್ಲಿ ಒಂದೇ ಸಾಧ್ಯವಾದರೆ ಸೆಪ್ಟೆಂಬರ್ 4ನ್ನು ಆರಿಸಿಕೊಳ್ಳಿ. ಅದು ರೊಸಾಲಿಯಾ ತೀರಿಕೊಂಡ ದಿನ. ಹಿಂದಿನ ರಾತ್ರಿಯೇ ಜನ ಹಳೆಯ ಕಲ್ಲುಹಾದಿ ಹಿಡಿದು ಬೆಟ್ಟ ಹತ್ತತೊಡಗುತ್ತಾರೆ, ಕೆಲವರು ಬರಿಗಾಲಲ್ಲಿ. ಅವರ ಜೊತೆ ನೀವೂ ನಡೆದೇ ಹತ್ತಿ.