ಗಸ್ತು ಕಾರು ಡಿಸೈನ್ ಮಾಡ್ತೀರಾ? ಮೊದಲು ಹಿಂಬದಿ ನೋಡಿ

ಹೆದ್ದಾರಿ ಗಸ್ತು ಕಾರಿನ ಡಿಸೈನ್ ಸ್ಪರ್ಧೆ ಅಂದ್ರೆ ಹೆಚ್ಚಿನವರು ಕಾರಿನ ಮುಂಭಾಗಕ್ಕೇ ಮೆರುಗು ಕೊಡ್ತಾರೆ. ಆದರೆ ಅಪಘಾತದ ಜಾಗದಲ್ಲಿ ರಸ್ತೆ ಬದಿ ನಿಂತ ಗಸ್ತು ವಾಹನಕ್ಕೆ ದೊಡ್ಡ ಅಪಾಯ ಹಿಂದಿನಿಂದ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಲಾರಿ ಒಂದೇ ಸೆಕೆಂಡಿನಲ್ಲಿ 22 ಮೀಟರ್ ದಾಟುತ್ತೆ. ಹಾಗಾಗಿ ದೂರದಿಂದಲೇ ಕಾರು ಕಾಣಬೇಕು.

ಇದಕ್ಕಂತಲೇ ಬ್ರಿಟನ್‌ನಲ್ಲಿ 1990ರ ದಶಕದಲ್ಲಿ ಹಳದಿ-ನೀಲಿ ಚೌಕಗಳ 'ಬ್ಯಾಟನ್‌ಬರ್ಗ್' ಮಾದರಿ ಬಂತು. ಹಗಲು ಆ ಬಣ್ಣಗಳೇ ಎದ್ದು ಕಾಣುತ್ತವೆ. ರಾತ್ರಿ ರಿಫ್ಲೆಕ್ಟರ್ ಸ್ಟಿಕ್ಕರ್ ಹೆಡ್‌ಲೈಟ್ ಬೆಳಕನ್ನು ಚಾಲಕನ ಕಣ್ಣಿಗೇ ವಾಪಸ್ ಕಳಿಸುತ್ತೆ. ಹಿಂಬದಿಗೆ ಕೆಂಪು-ಹಳದಿ ಓರೆ ಪಟ್ಟಿ ಇರುತ್ತೆ.

ನಿಮ್ಮ ಕಾರಿಗೂ ಇವನ್ನೇ ಹಾಕಿ. ತುರ್ತು ಸಂಖ್ಯೆ 112 ದೊಡ್ಡದಾಗಿರಲಿ. ಡಿಕ್ಕಿಯೊಳಗೆ ಕೋನ್, ಸ್ಟ್ರೆಚರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಜಾಗ ಬಿಡಿ. ಅಂದ ಆಮೇಲೆ ನೋಡಿದರಾಯ್ತು.