ಐವರು ಸೇರಿದರೂ ಅನುಮತಿ ಬೇಕಾ? ಥಾಣೆ, ಕಲ್ಯಾಣ್ ನಿಷೇಧಾಜ್ಞೆ ನಿಯಮ ಹೀಗಿದೆ

ಥಾಣೆ: ನೀರು ಬರುತ್ತಿಲ್ಲ ಎಂದು ಹತ್ತು ಮಂದಿ ಪಾಲಿಕೆ ಕಚೇರಿ ಮುಂದೆ ಧರಣಿ ಕೂತರೆ ಪೊಲೀಸರು ಎಬ್ಬಿಸಬಹುದೇ? ನಿಷೇಧಾಜ್ಞೆ ಜಾರಿಯಲ್ಲಿದ್ದು, ಅನುಮತಿ ಪಡೆದಿಲ್ಲವಾದರೆ ಹೌದು.

1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ ಸೆಕ್ಷನ್ 37(3)ರಡಿ ಪೊಲೀಸ್ ಆಯುಕ್ತರು ಸಭೆ, ಮೆರವಣಿಗೆ ನಿಷೇಧಿಸಬಹುದು. ಅನುಮತಿಯಿಲ್ಲದೆ ಐದು ಅಥವಾ ಹೆಚ್ಚು ಜನ ಸೇರುವಂತಿಲ್ಲ ಎಂಬುದು ಇಂಥ ಆದೇಶಗಳ ಸಾಮಾನ್ಯ ಷರತ್ತು. ಥಾಣೆ, ಕಲ್ಯಾಣ್, ಡೊಂಬಿವಲಿ ಒಂದೇ ಕಮಿಷನರೇಟ್ ವ್ಯಾಪ್ತಿಯಲ್ಲಿವೆ. ನವಿ ಮುಂಬೈಗೆ ಆಯುಕ್ತರೇ ಬೇರೆ, ಆದೇಶವೂ ಬೇರೆ.

ರಾಜ್ಯ ಸರ್ಕಾರದ ಒಪ್ಪಿಗೆ ಇಲ್ಲದೆ ಆದೇಶ 15 ದಿನ ಮೀರುವಂತಿಲ್ಲ. ಆದರೆ ಅವಧಿ ಮುಗಿಯುತ್ತಿದ್ದಂತೆ ಹೊಸ ಆದೇಶ ಬರುವುದುಂಟು. ತಕರಾರು ಇರುವುದೇ ಇಲ್ಲಿ. ಸಾರ್ವಜನಿಕ ರಸ್ತೆಯ ಸಭೆಗಳನ್ನು ನಿಯಂತ್ರಿಸಬಹುದು, ಸಂಪೂರ್ಣ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಅಹಮದಾಬಾದ್‌ನ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣವೂ ಇದೇ ಕಾಯ್ದೆಯದ್ದು. ಆಗ ಅದರ ಹೆಸರು ಬಾಂಬೆ ಪೊಲೀಸ್ ಕಾಯ್ದೆ.

ಬೆಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ ಹೇರಿದ್ದ ಸೆಕ್ಷನ್ 144 ಆದೇಶವನ್ನೂ ಕರ್ನಾಟಕ ಹೈಕೋರ್ಟ್ ಕಾನೂನುಬಾಹಿರ ಎಂದಿತ್ತು. ಆಯುಕ್ತರು ಸ್ವತಂತ್ರವಾಗಿ ಕಾರಣ ದಾಖಲಿಸಿಲ್ಲ ಎಂಬುದು ಆಕ್ಷೇಪ. ಅಂದಹಾಗೆ, ಆ ಪೀಠದ ನೇತೃತ್ವ ವಹಿಸಿದ್ದ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ವಕೀಲಿಕೆ ಆರಂಭಿಸಿದ್ದು ಥಾಣೆ ಜಿಲ್ಲಾ ಕೋರ್ಟ್‌ನಲ್ಲಿ!

ಅನುಮತಿ ಸಿಗದಿದ್ದರೆ ಲಿಖಿತ ಕಾರಣ ಕೇಳಿ. ಕೋರ್ಟ್ ಮೆಟ್ಟಿಲೇರುವಾಗ ಆ ಪತ್ರ ಬೇಕಾಗುತ್ತದೆ.