ಮೀನಿಗೂ ಉಸಿರು ಬೇಕು



ಸಂತೆಯಲ್ಲಿ ಮೀನು ಕೊಳ್ಳುವಾಗ ನೀವು ಮೊದಲು ಏನು ನೋಡ್ತೀರಿ? ತಲೆಯ ಪಕ್ಕದ ಮುಚ್ಚಳ ಎತ್ತಿ ನೋಡ್ತೀರಿ. ಒಳಗೆ ಕೆಂಪಗಿದ್ದರೆ ತಾಜಾ ಮೀನು. ಬಿಳಿಚಿದ್ದರೆ ಬ್ಯಾಡ ಅಂತೀರಿ. ಆ ಕೆಂಪು ಭಾಗಕ್ಕೆ ಕಿವಿರು ಎಂದು ಹೆಸರು. ಅದು ಮೀನಿನ ಕಿವಿಯಲ್ಲ. ಮೀನು ಉಸಿರಾಡುವುದು ಅದರಿಂದ.

ಈ ಮಾತು ಯಾಕೆ ಬಂತು, ಹೇಳುತ್ತೇನೆ.

ಸಿಂಧನೂರು ತಾಲ್ಲೂಕಿನ ಒಂದು ಊರು. ಅಲ್ಲಿ ಸಂಘದ ಹೆಣ್ಣುಮಕ್ಕಳು ಸಾಲ ತೆಗೆದು ಕೆರೆಗೆ ಮೀನುಮರಿ ಬಿಟ್ಟಿದ್ದರು. ಬೇಸಿಗೆಯ ಒಂದು ದಿನ ಅವರಲ್ಲಿ ಒಬ್ಬ ಅಕ್ಕ ಅಳುತ್ತ ನಮ್ಮ ಮನೆಗೆ ಬಂದಳು.

“ಅಕ್ಕೋರೆ, ಕೆರ್ಯಾಗಿನ ಮೀನು ಸತ್ತು ತೇಲಾಕತ್ತಾವ್ರಿ. ಯಾರೋ ವಿಷ ಹಾಕ್ಯಾರ. ಯಾರಂತ ನಮಗ ಗೊತ್ತೈತಿ. ಇವತ್ತ ಹೋಗಿ ಕೇಳೇ ಬಿಡ್ತೀವಿ.”

“ತಡಿಯವ್ವ. ಸತ್ತಿದ್ದು ದೊಡ್ಡ ಮೀನೋ, ಸಣ್ಣ ಮೀನೋ?”

“ದೊಡ್ಡವ ಹೆಚ್ಚು ಸತ್ತಾವ್ರಿ. ಸಣ್ಣವು ಇನ್ನೂ ಓಡ್ಯಾಡತಾವು.”

“ಕಪ್ಪೆ ಸತ್ತಾವೇನು?”

“ಇಲ್ರಿ. ಕಪ್ಪಿ ಚೊಲೋ ಅದಾವು.”

“ಮೊದಲಿನ ದಿನ ಮೀನು ಹ್ಯಾಂಗಿದ್ದವು?”

“ಎರಡು ದಿನದಿಂದ ನಸುಕಿನ್ಯಾಗ ನೀರ ಮ್ಯಾಲ ಬಂದು ಬಾಯಿ ಬಿಡ್ತಿದ್ವು. ಬಿಸಿಲೇರಿದ ಮ್ಯಾಲ ಒಳಗ ಹೋಗ್ತಿದ್ವು.”

ಇಷ್ಟು ಕೇಳಿದ ಮೇಲೆ ನಾನು ಹೇಳಿದೆ: “ಇದು ವಿಷದಂತೆ ಕಾಣೋದಿಲ್ಲ. ಉಸಿರು ಕಟ್ಟಿ ಸತ್ತಾವೆ.”

ನೀರಿನಲ್ಲಿ ಉಸಿರು ಕಟ್ಟುವುದು ಹೇಗೆ?

ಗಾಳಿಯ ನೂರು ಪಾಲಿನಲ್ಲಿ 21 ಪಾಲು ಆಮ್ಲಜನಕ ಇದೆ. ಇದೇ ಪ್ರಾಣವಾಯು. ನೀರಿನಲ್ಲಿಯೂ ಅದು ಕರಗಿರುತ್ತದೆ. ಆದರೆ ಬಹಳ ಕಡಿಮೆ. ಮೀನು ಬಾಯಿಂದ ನೀರು ತೆಗೆದುಕೊಂಡು ಕಿವಿರಿನ ಮೂಲಕ ಹೊರಗೆ ಬಿಡುತ್ತದೆ. ಹಾಗೆ ಹೋಗುವ ನೀರಿನಿಂದ ಪ್ರಾಣವಾಯು ರಕ್ತಕ್ಕೆ ಸೇರುತ್ತದೆ. ಕಿವಿರಿನ ತುಂಬ ರಕ್ತ ಹರಿಯುವುದರಿಂದಲೇ ಅದು ಕೆಂಪು.

ನೀರು ಬಿಸಿಯಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. 20 ಡಿಗ್ರಿ ಇರುವ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯು ಹಿಡಿಯಬಲ್ಲದು. 30 ಡಿಗ್ರಿಗೆ ಬಂದರೆ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಒಂದು ಗ್ರಾಮನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿಗ್ರಾಂ. ಸಾಕಿದ ಮೀನಿಗೆ ಲೀಟರಿಗೆ 5 ಮಿಲಿಗ್ರಾಂ ಆದರೂ ಇದ್ದರೆ ಒಳ್ಳೆಯದು.

ನಮ್ಮ ಮೈ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಸುಮಾರು 37 ಡಿಗ್ರಿ ಇರುತ್ತದೆ. ಮೀನಿನ ಮೈ ಹಾಗಲ್ಲ. ನೀರು ಕಾದರೆ ಮೀನಿನ ಮೈಯೂ ಕಾಯುತ್ತದೆ. ಆಗ ಅದಕ್ಕೆ ಹೆಚ್ಚು ಉಸಿರು ಬೇಕು. ನೀರಿನಲ್ಲಿ ಇರುವುದೋ ಕಡಿಮೆ. ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕೆರೆಯ ನೀರು ಮೊಣಕಾಲುದ್ದ ಇಳಿದಾಗ ಮೀನಿನ ಗತಿ ಏನು, ನೀವೇ ಯೋಚಿಸಿ.

ಇನ್ನೊಂದು ಕಾರಣ ಗೊಬ್ಬರ. ಭತ್ತದ ಗದ್ದೆಗೆ ಹಾಕಿದ ಯೂರಿಯಾ, ಡಿ.ಎ.ಪಿ. ಹೆಚ್ಚಾದರೆ ನೀರಿನ ಜೊತೆ ಕೆರೆಗೆ ಬರುತ್ತದೆ. ಅದನ್ನು ತಿಂದು ಪಾಚಿ ಬೆಳೆಯುತ್ತದೆ. ಪಾಚಿ ಹಗಲಲ್ಲಿ ಪ್ರಾಣವಾಯು ಕೊಡುತ್ತದೆ. ರಾತ್ರಿ ಕೊಡುವುದಿಲ್ಲ, ತಾನೇ ಬಳಸುತ್ತದೆ. ಹೀಗಾಗಿ ನಸುಕಿನಲ್ಲಿ ಪ್ರಾಣವಾಯು ತೀರ ಕಡಿಮೆ ಇರುತ್ತದೆ. ಅದಕ್ಕೇ ಮೀನು ಆಗ ಮೇಲೆ ಬಂದು ಬಾಯಿ ಬಿಡುತ್ತದೆ. ದೊಡ್ಡ ಮೀನಿಗೆ ಹೆಚ್ಚು ಉಸಿರು ಬೇಕು, ಅದು ಮೊದಲು ಸಾಯುತ್ತದೆ. ಕಪ್ಪೆ ಮೇಲಿನ ಗಾಳಿ ಕುಡಿದು ಉಳಿಯುತ್ತದೆ. ಹಾವಿನಂಥ ತಲೆಯ ಮರಲ್ ಮೀನು ಕೂಡ ಹಾಗೆಯೇ.

ವಿಷ ಬಿದ್ದರೆ ಸಾಮಾನ್ಯವಾಗಿ ಹೀಗಿರದು. ಸಣ್ಣ ಮೀನು, ಕಪ್ಪೆಮರಿ, ಹುಳು ಎಲ್ಲವೂ ಸಾಯುತ್ತವೆ. ಹಗಲು ರಾತ್ರಿ ಎಂಬುದಿಲ್ಲ. ಅಂಥ ಮೀನನ್ನು ತಿನ್ನಬಾರದು, ಮಾರಲೂಬಾರದು.

ಆ ಅಕ್ಕ ಸುಮ್ಮನೆ ಕೇಳಿದಳು. “ಅಯ್ಯೋ, ಸುಳ್ಳೇ ಜಗಳಕ್ಕ ಹೊಂಟಿದ್ವಿ” ಅಂದಳು. ಸತ್ತ ಮೀನು ಬದುಕಿ ಬರಲಿಲ್ಲ. ಸಾಲವೂ ತೀರಲಿಲ್ಲ. ಆದರೆ ಉಳಿದ ಮೀನು ಉಳಿಸಿಕೊಂಡರು.

ಹೇಗೆ ಉಳಿಸಿದರು? ಆ ಹೊತ್ತೇ ಮೇವು, ಸಗಣಿ ಹಾಕುವುದನ್ನು ನಿಲ್ಲಿಸಿದರು. ಸತ್ತ ಮೀನು ತೆಗೆದು ಹೂಳಿದರು. ಕೊಳವೆ ಬಾವಿಯ ನೀರನ್ನು ಎತ್ತರದಿಂದ ಬೀಳುವಂತೆ ಬಿಟ್ಟರು. ನೀರು ಚಿಮ್ಮಿದಾಗ ಗಾಳಿ ಕೂಡಿಕೊಳ್ಳುತ್ತದೆ. ನಸುಕಿನಲ್ಲಿ ಎದ್ದು ಗಿಡದ ಟೊಂಗೆಯಿಂದ ನೀರು ಬಡಿದರು.

ಮೀನಿನ ಮೊಟ್ಟೆಯ ಮಾತು

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ ಬಂತು. ನಮ್ಮ ಸಿಂಧನೂರು ಭತ್ತದ ಕಣಜವಾಯಿತು. ಆದರೆ ಹೊಳೆಯ ಮೀನಿಗೆ ಅಡ್ಡ ಗೋಡೆ ಬಂತು. ಮಳೆಗಾಲದ ಹೊಸ ನೀರಿಗೆ ಎದುರು ಈಜಿ, ಮೇಲೆ ಹೋಗಿ ಮೊಟ್ಟೆ ಇಡುವ ಮೀನುಗಳಿವೆ. ಅವು ಗೋಡೆ ಹತ್ತಲಾರವು.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ಕೆರೆಯಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಹರಿಯುವ ಹೊಸ ನೀರು ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಸೂಜಿಮದ್ದು ಕೊಟ್ಟು ಇಂಥ ಮೀನು ಮೊಟ್ಟೆ ಇಡುವಂತೆ ಮಾಡಿದರು. ಅದರಿಂದ ಇಂದು ನಮಗೆ ಮರಿ ಕೊಳ್ಳಲು ಸಿಗುತ್ತದೆ. ಆದರೆ ಹಳ್ಳದ ಸಣ್ಣ ಮೀನಿಗೆ ಯಾರೂ ಸೂಜಿ ಹಾಕುವುದಿಲ್ಲ. ಅದು ತಾನೇ ಮೊಟ್ಟೆ ಇಡಬೇಕು. ಮೊದಲ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಅದು ಹಳ್ಳ, ಗದ್ದೆಗೆ ಏರುತ್ತದೆ. ಆಗಲೇ ನಾವು ಬಲೆ ಹಿಡಿದು ನಿಲ್ಲುತ್ತೇವೆ. ಬಸುರಿಯನ್ನು ಕೊಂದರೆ ಮುಂದಿನ ವರ್ಷ ಮೀನು ಎಲ್ಲಿಂದ ಬರಬೇಕು?

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಅದು ಸಿಕ್ಕಿತು. ಅದರಲ್ಲಿ ಅಶೋಕ ಎಂಬ ಹೆಸರೇ ಇದೆ. ಅದೇ ಅಶೋಕ ಉತ್ತರ ದೇಶದ ಕಂಬಗಳ ಮೇಲೆ ಬೇರೊಂದು ಶಾಸನ ಬರೆಸಿದ್ದಾನೆ. ವರ್ಷದ ಕೆಲವು ದಿನ ಮೀನು ಕೊಲ್ಲಬಾರದು, ಮಾರಬಾರದು ಎಂದು ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು. ಆಗ ಅದನ್ನು ರಾಜ ಬರೆಸಿದ. ಈಗ ಅಕ್ಷರ ಕಲಿತ ನಾವು ಗ್ರಾಮಸಭೆಯಲ್ಲಿ ಬರೆಸಬಹುದು.

ನಾವು ಮಾಡಬೇಕಾದದ್ದು:

ಔಷಧಿ ಹೊಡೆದ ಪಂಪು, ಡಬ್ಬಿ ಕೆರೆ ಕಾಲುವೆಯಲ್ಲಿ ತೊಳೆಯಬಾರದು.
ಮೀನು ಹಿಡಿಯಲು ವಿಷ, ಮದ್ದುಗುಂಡು ಬಳಸಬಾರದು.
ಸೊಳ್ಳೆ ಪರದೆಯಿಂದ ಮರಿ ಬಳಿಯಬಾರದು.
ಮೊದಲ ಮಳೆಯ ಮೊಟ್ಟೆ ಮೀನು ಬಿಡಬೇಕು.
ಕೆರೆಯಲ್ಲಿ ಒಂದು ಕಡೆ ಆಳದ ಗುಂಡಿ ಇರಬೇಕು. ಬೇಸಿಗೆಯಲ್ಲಿ ಮೀನಿಗೆ ಅದೇ ಆಸರೆ.

ಕೂಡಿ ಮಾತಾಡಿ:

ನಿಮ್ಮ ಅವ್ವ ಅಡುಗೆ ಮಾಡುತ್ತಿದ್ದ ಯಾವ ಮೀನು ಈಗ ಹಳ್ಳದಲ್ಲಿ ಸಿಗುವುದಿಲ್ಲ? ಅದರ ಹೆಸರನ್ನು ನಿಮ್ಮ ಕೈಯಾರೆ ಬರೆಯಿರಿ.